ಬೋಳಗುಂಡು ಹತ್ತಿಸುವ ಬಸವಕ್ಕ

ಕೂಸು ಹೂವಿಗೆ ಎರಡು ವರ್ಷ ತುಂಬುತ್ತ ಬಂದಿತ್ತು, ಇನ್ನೂ ನಡೆದಿರಲಿಲ್ಲ. ಗೋಡೆ ಹಿಡಿದು ಏಳುತ್ತಿತ್ತು, ಬಲಗಾಲು ಊರುತ್ತಿತ್ತು. ಎಡಗಾಲು ಮಾತ್ರ ಅದರ ಪಕ್ಕಕ್ಕೆ ಬಂದು ಬೇರೆ ಯಾರದೋ ಕಾಲಿನಂತೆ ಸುಮ್ಮನೆ ನಿಲ್ಲುತ್ತಿತ್ತು. ತಾಯಿ ಗುರುಬಸಮ್ಮ ದಿನಕ್ಕೆಷ್ಟು ಸಲ ಆ ಕಾಲನ್ನು ಮುಟ್ಟಿ ನೋಡುತ್ತಿದ್ದಳೋ ಆಕೆಗೇ ಗೊತ್ತಿರಲಿಲ್ಲ. ಎಣ್ಣೆ ಹಚ್ಚುವ ನೆಪ, ಗೆಜ್ಜೆ ಸರಿಮಾಡುವ ನೆಪ, ಕೆಲವೊಮ್ಮೆ ಯಾವ ನೆಪವೂ ಇಲ್ಲ. ಎರಡೂ ಕಾಲು ಒಂದೇ ಸಮ ಇವೆ ಎಂದು ಬೆಳಿಗ್ಗೆ ಅನ್ನಿಸಿದರೆ ಸಂಜೆಯ ಹೊತ್ತಿಗೆ ಎಡಗಾಲು ಸೊರಗಿದೆ ಅನ್ನಿಸುತ್ತಿತ್ತು.

ಹೋದ ಮಳೆಗಾಲದಲ್ಲಿ ಕೂಸಿಗೆ ಕೆಟ್ಟ ಜ್ವರ ಬಂದಿತ್ತು. ಆಗ ನೋಡಿದ ಬಳ್ಳಾರಿಯ ಲೇಡಿ ಡಾಕ್ಟರು, ಕಾಲನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ, ಮದರಾಸಿನಿಂದ ಮೂಳೆ ಡಾಕ್ಟರು ಆಗೊಮ್ಮೆ ಈಗೊಮ್ಮೆ ಬರುತ್ತಾರೆ, ಫೋನು ಮಾಡಿ ದಿನ ಕೇಳಿಕೊಂಡು ಕರೆತನ್ನಿ ಎಂದು ಹೇಳಿ ಕಳಿಸಿದ್ದರು. ಇವರಿದ್ದ ಆದವಾನಿಯಲ್ಲಿ ಫೋನಿಗೇನು ಬರವಿರಲಿಲ್ಲ. ಮನೆಯವರದೇ ಹತ್ತಿ ಫ್ಯಾಕ್ಟರಿಯ ಆಫೀಸಿನ ಗೋಡೆಯಲ್ಲಿ ಒಂದು ನೇತಾಡುತ್ತಿತ್ತು. ಗಂಡ ಕೊಟ್ರಬಸಪ್ಪ ಹತ್ತಿಯ ಹಂಗಾಮಿಗೆಂದು ಮುಂಬಯಿಗೆ ಹೊರಡುವ ಮುಂಚೆ, ನೀನು ಹೂಂ ಅಂದರೆ ಇವತ್ತೇ ಫೋನು ಹಚ್ಚಿಸುತ್ತೇನೆ ಎಂದಿದ್ದ. ಗುರುಬಸಮ್ಮ ನಾಳೆ ನೋಡೋಣ ಎಂದಳು. ಆತ ರೈಲು ಹತ್ತಿದ ಮೇಲೂ ಆ ನಾಳೆ ಬರಲಿಲ್ಲ. ಡಾಕ್ಟರ ಬಾಯಿಂದ ಬರಬಹುದಾದ ಮಾತು, ತಾನು ಕೇಳಿಸಿಕೊಳ್ಳುವ ತನಕ ಎಲ್ಲೋ ದೂರದಲ್ಲಿ ನಿಂತೇ ಇರುತ್ತದೆ ಎಂದು ಆಕೆಗೆ ಒಳಗೊಳಗೇ ಒಂದು ಲೆಕ್ಕಾಚಾರ. ಬೆಂಗಳೂರಿನಲ್ಲಿ ಹೈಸ್ಕೂಲು ಮುಗಿಸಿ ಬಂದವಳು, ಮೈಯ ಎಲುಬುಗಳ ಹೆಸರನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಬಲ್ಲವಳು; ಆದರೂ ಈ ಲೆಕ್ಕಾಚಾರ ಬಿಡಲಿಲ್ಲ.

ಅತ್ತೆ ಅಂಬಮ್ಮನಿಗೆ ಇಂಥ ತಾಕಲಾಟವೇನೂ ಇರಲಿಲ್ಲ. ಕೂಸಿನ ಜ್ವರ ಇಳಿದ ದಿನವೇ ಅವರು ಬೋಳಗುಂಡಿಗೆ ಹರಕೆ ಹೊತ್ತಿದ್ದರು.

ಊರ ಹಿಂದಿನ ಗುಡ್ಡಸಾಲಿನಲ್ಲಿ ಒಂದು ಹುಲ್ಲುಕಡ್ಡಿಯೂ ಹುಟ್ಟದೆ ನುಣ್ಣಗೆ ನಿಂತಿರುವ ಬಂಡೆಯೇ ಬೋಳಗುಂಡು. ಅದರ ನೆತ್ತಿಯಲ್ಲಿ ಒಂದು ಗುಳಿ. ಕಾರ್ತಿಕದ ಸೋಮವಾರ ಅದರಲ್ಲಿ ಎಣ್ಣೆ ಹೊಯ್ದು ಬತ್ತಿ ಹಚ್ಚುತ್ತಾರೆ. ನಡೆಯದ ಕೂಸಿಗಾಗಿ ಹೊತ್ತ ಹರಕೆಯಾದರೆ ಕೂಸಿನ ತಾಯಿಯೇ ಬರಿಗಾಲಲ್ಲಿ ಹತ್ತಬೇಕು, ಎಣ್ಣೆ ತುಂಬಿದ ಸೋರೆ ಬುರುಡೆಯನ್ನು ತನ್ನ ಬೆನ್ನಿಗೇ ಕಟ್ಟಿಕೊಳ್ಳಬೇಕು. ಗಂಡಸರು ಬುಡದ ಬೇವಿನ ಮರ ದಾಟುವಂತಿಲ್ಲ. ದಾರಿ ತೋರಿಸುವುದು, ಹಗ್ಗ ಹಿಡಿಯುವುದು ಗುಡ್ಡದ ಬುಡದಲ್ಲಿ ಕುರಿ ಸಾಕುವ ಒಂದು ಕುರುಬರ ಮನೆಯ ಹೆಣ್ಣುಮಕ್ಕಳ ಕೆಲಸ. ಆ ಮನೆಯಲ್ಲಿ ಈಗ ಉಳಿದಿದ್ದವಳು ಬಸವಕ್ಕ.

ಬಸವಕ್ಕನ ತವರು ಹೊಳಗುಂದದ ಕಡೆ, ಬಯಲುಸೀಮೆ. ಮದುವೆಯಾಗಿ ಬರುವ ತನಕ ಆಕೆ ಹತ್ತಿದ್ದು ಮನೆಯ ಮಾಳಿಗೆ ಒಂದೇ. ಗಂಡ ಯರ್ರೆಪ್ಪನ ತಾಯಿ ಉಚ್ಚಮ್ಮ ಸೊಸೆಯನ್ನು ಕರೆದುಕೊಂಡು ಹೋಗಿ ಬಂಡೆಯ ಎದುರು ಕೂರಿಸಿ, ಆಡುಗಳ ಕಾಲು ನೋಡು ಎಂದಳಂತೆ. ಆ ಹಂಗಾಮು ಪೂರ್ತಿ ನೋಡುವುದಷ್ಟೇ ಕೆಲಸ. ಆಡು ಎಂದೂ ಓಡಿ ಹತ್ತುವುದಿಲ್ಲ ಎಂಬುದು ಬಸವಕ್ಕನಿಗೆ ಹೊಳೆಯಲು ಒಂದು ತಿಂಗಳು ಹಿಡಿಯಿತು. ಅದು ಮೂರು ಕಾಲನ್ನು ಗಟ್ಟಿಮಾಡಿಕೊಂಡು ನಾಲ್ಕನೆಯದನ್ನು ಎತ್ತುತ್ತದೆ. ಎತ್ತಿದ್ದನ್ನು ಇಟ್ಟು, ಭಾರ ಹಾಕಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗುತ್ತದೆ. ಅದನ್ನು ಅತ್ತೆಗೆ ಹೇಳಿದ ದಿನ ಉಚ್ಚಮ್ಮ ಮೊದಲ ಸಲ ಹಗ್ಗ ಕೈಗೆ ಕೊಟ್ಟಳು. ಚಿಗುರಿನ ಆಸೆಗೆ ಕೊರಕಲಿಗಿಳಿದು ಸಿಕ್ಕಿಬೀಳುವ ಮರಿಗಳನ್ನು ಹೊತ್ತು ತರುತ್ತ ತರುತ್ತ ಬಸವಕ್ಕ ಆ ಬಂಡೆಯನ್ನೆಲ್ಲ ಕಲಿತಳು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಅತ್ತೆಯೂ ಹೋಗಿದ್ದಳು. ಊರಿನವರಿಗೆ ಕಾರ್ತಿಕದಲ್ಲಿ ಆಕೆಯ ನೆನಪಾಗುತ್ತಿತ್ತು. ಉಳಿದ ತಿಂಗಳುಗಳಲ್ಲಿ, ಗಂಡನನ್ನು ತಿಂದುಕೊಂಡವಳು ಎಂದು ಬೆನ್ನ ಹಿಂದೆ ಅನ್ನುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಅಂಬಮ್ಮ ಬಸವಕ್ಕನಿಗೆ ಹೇಳಿಕಳಿಸಿದರು. ಬಂದವಳು ಹಿತ್ತಲ ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಕುಳಿತು, ಕಡೆಯ ಸೋಮವಾರ ಬಿಸಿಲೇರುವ ಮುಂಚೆ ಬರ್ರಿ, ಸೀರೆಗೆ ಕಚ್ಚೆ ಹಾಕಿರ್ರಿ, ಹಿಂದಿನ ದಿನ ಕಾಲಿಗೆ ಎಣ್ಣೆ ಮುಟ್ಟಿಸಬ್ಯಾಡ್ರಿ ಎಂದು ಹೇಳಿ ಏಳುವುದರಲ್ಲಿದ್ದಳು. ಹತ್ತುವುದನ್ನು ಕಲಿಸಲು ಯಾವತ್ತಿನಿಂದ ಬರುತ್ತೀ ಎಂದು ಗುರುಬಸಮ್ಮ ಕೇಳಿದಳು.

ಬಸವಕ್ಕ ಅಂಬಮ್ಮನ ಮುಖ ನೋಡಿದಳು. ಅಂಬಮ್ಮನೂ ಆಕೆಯ ಮುಖ ನೋಡಿದರು. ಹೀಗೆ ಕೇಳಿದ ತಾಯಿ ಇದುವರೆಗೆ ಇರಲಿಲ್ಲ.

“ಕಲಿಯೋದೇನೈತಿ ಅದರಾಗ?” ಎಂದರು ಅಂಬಮ್ಮ. “ಕೊಟ್ರಬಸ ನಡೀಲಿಲ್ಲಂತ ನಾ ಹತ್ತಿದಾಗ ನನಗ್ಯಾರು ಕಲಿಸಿದ್ರು? ಹೋದಿವಿ, ಬಂದಿವಿ.”

“ಹೌದ್ರಿ,” ಎಂದಳು ಬಸವಕ್ಕ. “ನಿಮ್ಮನ್ನ ಹತ್ತಿ ತುಂಬಿದ ಅಂಡಿಗಿ ಎಳದಂಗ ಎಳಕೊಂಡು ಹೋದೆ ಅಂತ ನಮ್ಮತ್ತಿ ಹೇಳತಿದ್ಲು. ಎರಡು ದಿನ ಸೊಂಟ ಹಿಡಕೊಂಡಿದ್ಲಂತ ಪಾಪ.”

ಅಂಬಮ್ಮ ನಕ್ಕರು, ಆದರೆ ಸ್ವಲ್ಪವೇ. ಗುರುಬಸಮ್ಮ ನಗಲಿಲ್ಲ. ಬಂಡೆಯ ಮಾತು ಬಂದ ದಿನದಿಂದ ಆಕೆಯ ಕಣ್ಣಿಗೆ ಕಾಣುತ್ತಿದ್ದದ್ದು ತಾನು ಜಾರಿ ಬೀಳುವುದು, ಕೂಸು ತಾಯಿಯಿಲ್ಲದೆ ಅದೇ ಗೋಡೆ ಹಿಡಿದುಕೊಂಡು ನಿಂತಿರುವುದು. ಪರೀಕ್ಷೆಗೆ ಓದದೆ ಹೋಗಿ ಗೊತ್ತಿಲ್ಲದವಳು. ಕಲಿಸದಿದ್ದರೆ ಬರುವುದಿಲ್ಲ ಎಂದು ಹಟ ಹಿಡಿದಳು.

ಮನೆಯ ಹಿತ್ತಲು ಮುಗಿಯುತ್ತಿದ್ದಂತೆಯೇ ಗುಡ್ಡದ ಗುಂಡುಗಳು ಶುರುವಾಗುತ್ತಿದ್ದವು. ಹಸು ಮಲಗಿದಂಥ ಒಂದು ಬಂಡೆಯನ್ನು ಬಸವಕ್ಕ ಆರಿಸಿದಳು. ಮೊದಲ ಕೆಲವು ದಿನ ಹತ್ತುವ ಮಾತೇ ಇಲ್ಲ, ಇಳಿಜಾರಿನ ಮೇಲೆ ನಿಲ್ಲುವುದು ಮಾತ್ರ. ಗುರುಬಸಮ್ಮ ಕಾಲಿಟ್ಟ ಕೂಡಲೇ ಮುಂದಕ್ಕೆ ಬಾಗಿ ಬಂಡೆಗೆ ಎದೆ ಹಚ್ಚಿ ಎರಡೂ ಕೈಯಿಂದ ತಬ್ಬಿಕೊಳ್ಳುತ್ತಿದ್ದಳು. ತಬ್ಬಿಕೊಂಡ ಕ್ಷಣವೇ ಕಾಲು ಕೆಳಗಿನಿಂದ ಸರ್ರನೆ ಹೋಗುತ್ತಿತ್ತು.

“ಅದು ನಿಮ್ಮ ಗಂಡ ಅಲ್ರಿ ಅಮ್ಮಾರೆ, ಹಂಗ ಅಪ್ಪಿಕೊಳ್ಳಾಕ,” ಎಂದಳು ಬಸವಕ್ಕ. “ಎದಿ ದೂರ ಇಡ್ರಿ. ನಿಮ್ಮ ಭಾರ ಎಲ್ಲ ಕಾಲಿಗೆ ಕೊಟ್ಟುಬಿಡ್ರಿ. ಭಾರ ಬಿದ್ರ ಕಾಲು ಹಿಡಿತಾವ, ಅಂಜಿದ್ರ ಜಾರ್ತಾವ.”

ಹೆದರಿಕೆಯಾದಾಗ ಆಸರೆಗೆ ಸಿಕ್ಕಿದ್ದರಿಂದ ಮೈಯನ್ನು ದೂರಕ್ಕೆ ಹಿಡಿಯುವುದು ಸಹಜವಲ್ಲ; ಬಂಡೆ ಹತ್ತುವವರು ಮೊದಲು ಕಲಿಯಬೇಕಾದ್ದು ಅದನ್ನೇ. ಹಿಮ್ಮಡಿ ಕೆಳಗಿಳಿಸಿ, ಬೆರಳಬುಡದ ಮಾಂಸವನ್ನು ಕಲ್ಲಿಗೆ ಒತ್ತಿ, ಸೊಂಟ ಹೊರಗಿಟ್ಟು ನಿಂತರೆ, ನಿಲ್ಲಲಾಗದು ಅನ್ನಿಸುವಂಥ ಜಾಗದಲ್ಲೂ ಮನುಷ್ಯ ನಿಲ್ಲುತ್ತಾನೆ. ಗುರುಬಸಮ್ಮನಿಗೆ ಇದು ಒಂದು ಮಧ್ಯಾಹ್ನ ಒಮ್ಮೆಲೇ ತಿಳಿಯಿತು. ನಿಂತಳು. ಕೈ ಬಿಟ್ಟಳು. ಮನೆಯ ಮಾಳಿಗೆ, ಆಚೆ ಫ್ಯಾಕ್ಟರಿಯ ಚಿಮಣಿ, ರೈಲು ಸ್ಟೇಶನ್ನಿನ ಸಿಗ್ನಲ್ಲು ಎಲ್ಲ ಕಂಡವು. ಕೆಳಗೆ ಕೂಸನ್ನು ಸೊಂಟಕ್ಕೇರಿಸಿಕೊಂಡಿದ್ದ ಅಂಬಮ್ಮ, ಕಲ್ಲಿನ ಮೇಲೆ ನಿಂತು ಊರು ನೋಡೋದು ಕಲಿತಾಳ ನಿಮ್ಮವ್ವ ಎಂದು ಮೊಮ್ಮಗಳಿಗೆ ಹೇಳಿದರು.

ಆಮೇಲಿನ ಪಾಠಗಳು ಬೇಗ ಬೇಗ ಸಾಗಿದವು. ಸೀಳಿನೊಳಗೆ ಕೈ ತೂರಿಸಿ ಒಳಗೆ ಮುಷ್ಟಿ ಕಟ್ಟಿದರೆ ಕೈ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಹಿಡಿಯುವ ಮುಂಚೆ ಕಲ್ಲಿನ ಚೆಕ್ಕೆಯನ್ನು ಬೆರಳಿಂದ ತಟ್ಟಬೇಕು, ಟೊಳ್ಳು ಸದ್ದು ಬಂದರೆ ಮುಟ್ಟಬಾರದು. ಮಂಡಿ ಊರಬಾರದು, ಊರಿದವರು ಅಲ್ಲಿಂದ ಏಳಲಾರರು. ಇಬ್ಬನಿ ಇದ್ದಾಗ ಕಾಲಿಡಬಾರದು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಏಕೆಂದರೆ ಕಾಲಿಗೆ ಕಣ್ಣಿಲ್ಲ. ಪುಂಡಿ ನಾರಿನ ಹಗ್ಗವನ್ನು ನೀರಿನಲ್ಲಿ ನೆನೆಸಿ ಸೊಂಟಕ್ಕೆ ಕಟ್ಟುವ ಗಂಟನ್ನೂ ಕಲಿತಳು. ಎಳೆದಷ್ಟೂ ಬಿಗಿಯುವ ಗಂಟಲ್ಲ, ಎಳೆದರೂ ಇದ್ದಷ್ಟೇ ಇರುವ ಗಂಟು. ಅದನ್ನು ಹಾಕಿ ಬಿಚ್ಚಿ ಹಾಕಿ ಆಕೆ ಅಡುಗೆಮನೆಯ ಕಂಬ ಸವೆಸಿದಳು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಹಿಡಿಯಲು ಏನೂ ಇಲ್ಲದ, ಬರೀ ಪಾದ ನಂಬಿ ಹೋಗಬೇಕಾದ ನುಣುಪಿನಲ್ಲಿ, ಎಲ್ಲ ಸರಿಯಾಗಿ ಮಾಡಿದರೂ, ಎರಡು ಮೂರು ಹೆಜ್ಜೆಗೊಮ್ಮೆ ಪಾದ ಜರುಗುತ್ತಿತ್ತು. ಬಲವಂತವಾಗಿ ಯಾರೋ ತಳ್ಳಿದ ಹಾಗೆ. ಬಸವಕ್ಕನ ಪಾದಕ್ಕೆ ಹೀಗಾಗುತ್ತಿರಲಿಲ್ಲ. ಏಕೆ ಎಂದು ಕೇಳಿದರೆ ರೂಢಿ ಆದ್ರ ಸರಿಹೋಗ್ತೈತಿ ಎನ್ನುವಳು, ಅನ್ನುವಾಗ ಬೇರೆ ಕಡೆ ನೋಡುವಳು. ಮತ್ತೆ ಕೇಳಿದಾಗ, ನಾನು ಮ್ಯಾಲ ಇರ್ತೀನಲ್ರಿ, ಜಾರಿದ್ರ ಎಳಕೊಂತೀನಿ ಎಂದಳು. ಅಂಡಿಗೆಯ ಮಾತು ಗುರುಬಸಮ್ಮನಿಗೆ ನೆನಪಾಯಿತು. ಮೊಣಕೈ ತರಚಿಕೊಂಡು ಮನೆಗೆ ಬಂದು, ಹೂವಿಯ ಕಾಲನ್ನೊಮ್ಮೆ ಮುಟ್ಟಿ ನೋಡಿದಳು.

ಕಡೆಯ ಸೋಮವಾರ ಬಂದೇಬಿಟ್ಟಿತು. ಬೇವಿನ ಮರದ ಕೆಳಗೆ ಅಂಬಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತರು. ಬಸವಕ್ಕ ಮೊದಲು ಹತ್ತಿದಳು. ಹಗ್ಗದ ತುದಿ ಸೊಂಟದಲ್ಲಿ, ಉಳಿದದ್ದು ಹೆಗಲಲ್ಲಿ, ಮನೆಯ ಮೆಟ್ಟಿಲು ಹತ್ತುವವಳ ಹಾಗೆ ಅವಸರವಿಲ್ಲದೆ ಹೋಗಿ ನಡುವಿನ ಹೊಕ್ಕಳಲ್ಲಿ ಕುಳಿತಳು. ಬಂಡೆಯ ಮೈಯಲ್ಲಿ ಇಬ್ಬರು ಕೂರುವಷ್ಟು ಒಂದು ತಗ್ಗಿತ್ತು, ಅದೇ ಹೊಕ್ಕಳು. ಅಲ್ಲಿ ಎರಡೂ ಕಾಲನ್ನು ಅಂಚಿಗೆ ಆನಿಸಿ, ಕಂಬಳಿಯ ಮೇಲಿಂದ ಹಗ್ಗವನ್ನು ಬೆನ್ನಿಗೆ ಬಳಸಿಕೊಂಡು, ಬರ್ರಿ ಎಂದು ಕೂಗಿದಳು.

ಕೆಳಗೆ ಬಿಟ್ಟ ಹಗ್ಗದ ತುದಿಯನ್ನು ಗುರುಬಸಮ್ಮ ಸೊಂಟಕ್ಕೆ ಕಟ್ಟಿಕೊಂಡು ಹೊರಟಳು. ಕೆಳಗಿನ ಸೀಳು ಸುಲಭವಾಗಿ ಮುಗಿಯಿತು. ಆಮೇಲೆ ನುಣುಪು. ಗುರುಬಸಮ್ಮ ಎದೆ ದೂರವಿಟ್ಟು, ಹಿಮ್ಮಡಿ ಇಳಿಸಿ, ಕಾಲಿನ ಮುಂದಿನ ಕಲ್ಲನ್ನಷ್ಟೇ ನೋಡುತ್ತ ಹೋದಳು. ಹೊಕ್ಕಳು ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಬಲಪಾದ ಜರುಗಿತು, ಅದರ ಹಿಂದೆಯೇ ಎಡಪಾದ. ಬೆನ್ನಿನ ಬುರುಡೆ ಬಂಡೆಗೆ ಬಡಿಯಿತು. ಹಗ್ಗ ಟಣ್ಣೆಂದು ಬಿಗಿದು, ಮೇಲೆ ಬಸವಕ್ಕ ಅದರ ಸೆಳೆತಕ್ಕೆ ಹೊಕ್ಕಳಿನ ಅಂಚಿನ ತನಕ ಜರುಗಿ ಬಂದು ತಡೆದು ನಿಂತಳು. ಕೆಳಗೆ ಅಂಬಮ್ಮ ಎದ್ದು ನಿಂತಿದ್ದರು. 

ಗುರುಬಸಮ್ಮ ಹಗ್ಗಕ್ಕೆ ಜೋತು ಕಲ್ಲಿಗೆ ಮುಖ ಹಚ್ಚಿಕೊಂಡು ಉಸಿರು ತೆಗೆದುಕೊಂಡಳು. ಕಣ್ಣಿನ ಹತ್ತಿರವೇ ಕಲ್ಲಿನ ಮೇಲೆ ಹೊಸದೊಂದು ಗೆರೆ ಮಿನುಗುತ್ತಿತ್ತು, ತನ್ನ ಪಾದ ಜಾರಿದ ದಾರಿಯುದ್ದಕ್ಕೂ. ಅದರ ಪಕ್ಕದಲ್ಲಿ ಇನ್ನೊಂದು, ಮಾಸಿದ್ದು. ಅದರಾಚೆ ಇನ್ನೂ ಮಾಸಿದವು. ನುಣುಪಿನ ತುಂಬ ಹಾಗೆಯೇ ಮೇಲಿನಿಂದ ಕೆಳಗೆ ಇಳಿದ ಸಣ್ಣ ಸಣ್ಣ ಬೆಳ್ಳಿಯ ಗೆರೆಗಳು. ಇಲ್ಲಿ ಹತ್ತಿದ ತಾಯಂದಿರೆಲ್ಲರೂ ಜಾರಿದ್ದರು. ಎಲ್ಲರೂ ಕಾಲುಂಗುರ ತೊಟ್ಟ ಬೆರಳ ಮೇಲೆ.

ಬಸವಕ್ಕ ಎಳೆದುಕೊಂಡಳು. ಹೊಕ್ಕಳಿನಲ್ಲಿ ಕುಳಿತ ಮೇಲೆ ಗುರುಬಸಮ್ಮ ಕಾಲು ಮಡಚಿ ತನ್ನ ಕಾಲುಂಗುರಗಳನ್ನು ನೋಡಿದಳು. ಕೆಳಭಾಗ ಸವೆದು ಹೊಳೆಯುತ್ತಿತ್ತು. ಪಾದ ಒತ್ತಿದಾಗಲೆಲ್ಲ ಮಾಂಸಕ್ಕಿಂತ ಮೊದಲು ಕಲ್ಲಿಗೆ ತಾಗುತ್ತಿದ್ದದ್ದು ಬೆಳ್ಳಿ. ಬಸವಕ್ಕನ ಬೆರಳುಗಳು ಬೋಳು.

“ಇದು ನಿನಗೆ ಗೊತ್ತಿತ್ತು,” ಎಂದಳು.

ಬಸವಕ್ಕ ಅಂಗೈ ನೋಡಿಕೊಳ್ಳುತ್ತಿದ್ದಳು. ಹಗ್ಗ ತಿಂದು ರಕ್ತ ಜಿನುಗುತ್ತಿತ್ತು. “ಗೊತ್ತೈತ್ರಿ.”

“ಹೇಳಬಾರದಿತ್ತೆ?”

“ಯಾವ ಬಾಯಿಲೆ ಹೇಳಲ್ರಿ, ಮುತ್ತೈದಿ ಮುಂದ?” ಎಂದಳು ಬಸವಕ್ಕ. ಆಮೇಲೆ ದಾರಿಯಲ್ಲಿ ಹೋಗುವ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ಒಂದು ಮಳೆಗಾಲ ಗಬ್ಬದ ಆಡೊಂದು ಆ ನುಣುಪಿನಾಚೆ ಸಿಕ್ಕಿಬಿದ್ದಿತ್ತು. ಉಂಗುರ ಹಾಕಿಕೊಂಡು ಹೋದರೆ ಕಾಲು ನಿಲ್ಲಲಿಲ್ಲ. ತೆಗೆದು ಸೆರಗಿಗೆ ಕಟ್ಟಿಕೊಂಡು ಹೋದಳು, ಆಡನ್ನು ತಂದಳು. ಬೇವಿನ ಮರದ ಕೆಳಗಿದ್ದವರು ನೋಡಿದರು. ಅದೇ ಅಮಾವಾಸ್ಯೆಗೆ ಯರ್ರೆಪ್ಪ ತೀರಿಕೊಂಡ. ಆಮೇಲೆ ಆಕೆ ಯಾವ ಹೆಂಗಸಿಗೂ ಉಂಗುರದ ಮಾತೆತ್ತಲಿಲ್ಲ. ಜಾರಿದವರನ್ನೆಲ್ಲ ತೋಳಬಲದಿಂದ ಎಳೆದುಕೊಂಡಳು.

“ಉಂಗುರ ತೆಗೆದದ್ದಕ್ಕೇ ಅಂತ ನೀನೂ ನಂಬಿದ್ದೀಯಾ?”

ಬಸವಕ್ಕ ಹಗ್ಗವನ್ನು ಸುರುಳಿ ಸುತ್ತತೊಡಗಿದಳು. “ನಮ್ಮಾತಗ ಅದಕ್ಕ ಮುಂಚೇನ ಜ್ವರ ಇತ್ರಿ,” ಎಂದಳು. “ಎದಿಯಾಗ ಗೊರಗೊರ ಅಂತಿತ್ತು. ಆಸ್ಪತ್ರಿಗೆ ನಡೀ ಅಂದ್ರ, ಅವರು ಏನಾರ ಅಂದುಗಿಂದ್ರ ಅಂತ ಅಂಜತಿದ್ದ. ಅದನ್ನ ಒಬ್ರೂ ಕೇಳಲಿಲ್ಲ. ಉಂಗುರದ್ದು ಮಾತ್ರ ಎಲ್ರೂ ಕೇಳಿದ್ರು.”

ಬಿಸಿಲು ಏರತೊಡಗಿತ್ತು. ಕೆಳಗೆ ಅಂಬಮ್ಮ ಬಿಳಿ ಚುಕ್ಕೆಯಾಗಿದ್ದರು, ಅವರ ತೊಡೆಯ ಮೇಲಿನ ಕೂಸು ಕಾಣುತ್ತಿರಲಿಲ್ಲ. ಗುರುಬಸಮ್ಮ ಕಾಲು ಹತ್ತಿರಕ್ಕೆ ಎಳೆದುಕೊಂಡಳು. ಉಗುಳು ಹಚ್ಚಿ ತಿರುವಿ ತಿರುವಿ ಒಂದೊಂದೇ ಉಂಗುರ ತೆಗೆದಳು. ಮದುವೆಯ ದಿನದಿಂದ ಅವು ಇದ್ದ ಜಾಗ ಬೆಳ್ಳಗಾಗಿತ್ತು. ಸೆರಗಿನ ತುದಿಗೆ ಕಟ್ಟಿ, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೇಡ ಎಂದು ಬಸವಕ್ಕ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ರಕ್ತವಾದ ಅಂಗೈಗೆ ಮಣ್ಣು ಉಜ್ಜಿಕೊಂಡು ಎದ್ದು ಮೇಲಿನ ನುಣುಪು ಹತ್ತಿಹೋದಳು.

ಗುರುಬಸಮ್ಮ ಹಿಂದೆ ಹೋದಳು. ಪಾದ ಜರುಗಲಿಲ್ಲ. ಕೆಳಗಿನದಕ್ಕಿಂತ ಇದು ಕಡಿದಾಗಿತ್ತು, ಗಾಳಿಯೂ ಇತ್ತು. ಒಂದೆಡೆ ಮುಂದೆ ಕಾಲಿಡುವ ಜಾಗವೇ ಕಾಣದೆ ಆಕೆ ಬಹಳ ಹೊತ್ತು ನಿಂತಳು. ಮೇಲಿನಿಂದ ಬಸವಕ್ಕ ಅವಸರ ಮಾಡಲಿಲ್ಲ, ಹಗ್ಗವನ್ನು ಎಳೆಯಲೂ ಇಲ್ಲ. ನಿಂತು ನಿಂತು, ಎಡಕ್ಕೆ ಒಂದು ಹುಬ್ಬಿನಂಥ ಏರು ಕಂಡಿತು. ಇಟ್ಟಳು, ಭಾರ ಹಾಕಿ ನೋಡಿದಳು, ಹೋದಳು. ನೆತ್ತಿಯಲ್ಲಿ ಗುಳಿ ಒಂದು ಬೋಗುಣಿಯಷ್ಟಿತ್ತು, ಹಳೆಯ ಎಣ್ಣೆಯ ಜಿಗಟು ಅಂಟಿ ಕಪ್ಪಾಗಿತ್ತು. ಬುರುಡೆಗೆ ಸೀಳು ಬಿದ್ದು ಅರ್ಧ ಎಣ್ಣೆ ಸೋರಿ ಬೆನ್ನಿನ ಕುಬಸ ತೊಯ್ದಿತ್ತು. ಉಳಿದದ್ದನ್ನು ಹೊಯ್ದು ಬತ್ತಿ ಹಚ್ಚಿದಳು. ದೇವರ ಮುಂದೆ ಏನಾದರೂ ಕೇಳಿಕೊಳ್ಳಬೇಕಲ್ಲ ಎಂದು ಕಣ್ಣು ಮುಚ್ಚಿದಾಗ ಬಾಯಿಗೆ ಏನೂ ಬರಲಿಲ್ಲ. ಸಾಕ್ರಿ, ಕಲ್ಲು ಕಾದ್ರ ಇಳಿಯೋದು ಕಷ್ಟ ಎಂದು ಬಸವಕ್ಕ ಎಬ್ಬಿಸಿದಳು.

ಬರಿಬೆರಳಲ್ಲೇ ಇಳಿದಳು. ಬೇವಿನ ಮರದ ಕೆಳಗೆ ಬಂದಾಗ ಅಂಬಮ್ಮ ಮೊದಲು ನೋಡಿದ್ದು ಸೊಸೆಯ ಮುಖ, ಆಮೇಲೆ ಪಾದ. ಅಲ್ಲೇ ಕಣ್ಣು ನಿಂತಿತು. ಅವರು ಬಸವಕ್ಕನ ಕಡೆ ತಿರುಗುವಷ್ಟರಲ್ಲಿ ಗುರುಬಸಮ್ಮ, ನಾನೇ ತೆಗೆದೆ, ಆಕೆ ಹೇಳಲಿಲ್ಲ ಎಂದಳು. ಅಂಬಮ್ಮ ಬಂಡೆಯನ್ನು ಒಮ್ಮೆ ಮೇಲಿನ ತನಕ ನೋಡಿದರು. ತಾವು ಅಂಡಿಗೆಯ ಹಾಗೆ ಹೋದ ದಾರಿ.

“ಹಾಕ್ಕೋ,” ಎಂದರು. “ಮುಂಬಯಿಂದ ಬಂದಾತಗ ಇದೆಲ್ಲ ಹೇಳೋದೇನೂ ಬ್ಯಾಡ.” ಕೂಸಿನ ಕಡೆ ತಿರುಗಿ, “ಹರಕಿ ಮುಗೀತಲ್ಲ. ಇನ್ನ ನಡೀತಾಳ ಬಿಡು,” ಎಂದರು.

ಕೂಸು ಬೇವಿನ ಬುಡ ಹಿಡಿದು ಎದ್ದು ನಿಂತಿತ್ತು. ಬಲಗಾಲು ಊರಿತ್ತು.

ಗುರುಬಸಮ್ಮ ಮನೆಗೆ ಬಂದು ಸ್ನಾನ ಮಾಡಿ, ಬಸವಕ್ಕನ ಅಂಗೈಗೆ ಬೆಣ್ಣೆ ಅರಿಶಿಣ ಹಚ್ಚಿ ಬಟ್ಟೆ ಸುತ್ತಿ, ರೊಟ್ಟಿ ಬಡಿಸಿದಳು. ಊಟವಾಗಿ ಬಸವಕ್ಕ ಕುರಿಗಳ ಕಡೆ ಹೋದಳು. ಆಮೇಲೆ ಮನೆಯಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹರಕೆಯೊಂದು ಇದ್ದಾಗ ದಿನಗಳು ಅದರತ್ತ ಸಾಗುತ್ತಿದ್ದವು, ಈಗ ಅದೂ ಮುಗಿದಿತ್ತು. ಕೂಸು ಚಾಪೆಯ ಮೇಲೆ ನಿದ್ದೆ ಹೋಗಿತ್ತು. ಗುರುಬಸಮ್ಮ ಅದರ ಕಾಲಿನತ್ತ ಕೈ ಚಾಚಿದಳು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ಅತ್ತೆಗೆ ಹೇಳಿ, ಸೆರಗು ಹೊದ್ದು, ಹತ್ತಿ ಗಾಡಿಗಳು ಸಾಲಾಗಿ ನಿಂತ ರಸ್ತೆ ದಾಟಿ ಫ್ಯಾಕ್ಟರಿಗೆ ಹೋದಳು.

ಮನೆಯ ಹೆಂಗಸರು ಆಫೀಸಿಗೆ ಬರುವ ರೂಢಿಯಿರಲಿಲ್ಲ. ಗುಮಾಸ್ತ ಪಂಚಾಕ್ಷರಯ್ಯ ಗಾಬರಿಯಾಗಿ ಎದ್ದು, ಮೈಮೇಲಿನ ಹತ್ತಿ ಎಳೆಗಳನ್ನು ಕೊಡವಿಕೊಂಡರು. ಬಳ್ಳಾರಿ ಆಸ್ಪತ್ರೆಗೆ ಎಂದಾಗ, ಯುದ್ಧದ ಕಾಲ ನೋಡ್ರಿ, ಸರ್ಕಾರದ ಟ್ರಂಕ್ ಕಾಲ್‌ಗಳು ಮುಗಿಯೋ ತನಕ ನಮಗ ಲೈನು ಕೊಡಂಗಿಲ್ಲ, ಮನೀಗೆ ನಡೀರಿ, ಸಿಕ್ಕಮ್ಯಾಲ ನಾನೇ ಮಾತಾಡಿ ಹೇಳಿ ಕಳಸ್ತೀನಿ ಎಂದರು. ಇಲ್ಲೇ ಕೂರುತ್ತೇನೆ ಎಂದಳು ಗುರುಬಸಮ್ಮ. ಅವರು ಹಿಡಿಕೆ ತಿರುಗಿಸಿ ಎಕ್ಸ್‌ಚೇಂಜಿನವನಿಗೆ ತೆಲುಗಿನಲ್ಲಿ ಹೇಳಿ, ಕುರ್ಚಿ ಒರೆಸಿಕೊಟ್ಟರು. ಹೊರಗೆ ಹತ್ತಿ ಬಿಡಿಸುವ ಜಿನ್ನುಗಳು ಗಡಗಡ ಓಡುತ್ತಿದ್ದವು. ಫೋನಿನ ಗಂಟೆ ಬಾರಿಸುವ ಹೊತ್ತಿಗೆ ಕಿಟಕಿಯ ಬಿಸಿಲು ನೆಲದಿಂದ ಗೋಡೆಗೇರಿತ್ತು. ಪಂಚಾಕ್ಷರಯ್ಯ ಎತ್ತಿಕೊಂಡು, ಲೈನು ಬಂತು, ನಾನೇ ಮಾತಾಡಲೇನು ಎಂದು ಕಣ್ಣಲ್ಲೇ ಕೇಳಿದರು. ಆಕೆ ಎದ್ದುಹೋಗಿ ಕೈ ಚಾಚಿದಳು.

ಸದ್ದಿನಿಂದಾಗಿ ಒಂದು ಕಿವಿ ಮುಚ್ಚಿಕೊಳ್ಳಬೇಕಾಯಿತು. ಆಚೆಯಿಂದ ಲೇಡಿ ಡಾಕ್ಟರರ ದನಿ, ಯಾರು ಎಂದಿತು.

“ಆದವಾನಿಯಿಂದ, ಹೂವಮ್ಮನ ತಾಯಿ,” ಎಂದಳು ಗುರುಬಸಮ್ಮ. “ಮಳೆಗಾಲದಲ್ಲಿ ಜ್ವರ ಬಂದಿತ್ತಲ್ಲ, ಆ ಮಗು. ಎಡಗಾಲು ಊರುತ್ತಿಲ್ಲ ಡಾಕ್ಟರೇ. ಮೂಳೆ ಡಾಕ್ಟರು ಯಾವತ್ತು ಬರುತ್ತಾರೆ? ಕರೆದುಕೊಂಡು ಬರುತ್ತೇನೆ.”